ಸೇನಾಬಲದ ಪಟ್ಟಿಯಲ್ಲಿ ಕಾಣದ ಕಾಲಂಗಳು

ಭಾರತ–ಪಾಕಿಸ್ತಾನ, ಭಾರತ–ಚೀನಾ ಎಂದು ಸೇನಾಬಲ ಹೋಲಿಸುವ ಪಟ್ಟಿಗಳು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಟ್ಯಾಂಕ್ ಇಷ್ಟು, ವಿಮಾನ ಇಷ್ಟು, ಹಡಗು ಇಷ್ಟು, ಕೊನೆಗೊಂದು ರ್‍ಯಾಂಕ್. ಮಳೆಗಾಲದ ನಿಷೇಧದ 61 ದಿನಗಳಲ್ಲಿ ಮಲ್ಪೆ ಬಂದರಿನ ಬೋಟುಗಳನ್ನೆಲ್ಲ ಎಣಿಸಿ, ಆಗಸ್ಟ್ 1ಕ್ಕೆ ಇವಿಷ್ಟೂ ಕಡಲಿಗಿಳಿಯುತ್ತವೆ ಎಂದರೆ ಅಲ್ಲಿನ ಬೋಟು ನಡೆಸುವ ತಾಂಡೇಲರು ನಕ್ಕುಬಿಡುತ್ತಾರೆ. ಎಂಜಿನ್ ಬಿಚ್ಚಿಟ್ಟದ್ದೆಷ್ಟು, ಡೀಸೆಲ್ ಹಾಕಿಸಲು ದುಡ್ಡಿಲ್ಲದ್ದೆಷ್ಟು, ಕೆಲಸದ ಕಲಾಸಿಗಳು ಬಾರದೆ ನಿಂತದ್ದೆಷ್ಟು ಎಂದು ಕಳೆದ ಮೇಲೆ ಉಳಿದದ್ದೇ ಲೆಕ್ಕ.

ಯುದ್ಧನೌಕೆಗಳಲ್ಲೂ ಕಳೆಯುವುದು ಬೇಕಾದಷ್ಟಿದೆ. ಮೂರು ಇದ್ದರೆ ಒಂದು ಕಡಲಲ್ಲಿ, ಒಂದು ತರಬೇತಿಯಲ್ಲಿ, ಒಂದು ರಿಪೇರಿಯಲ್ಲಿ ಎನ್ನುವುದು ನೌಕಾಪಡೆಗಳ ಹಳೆಯ ಅಂದಾಜು. ತುರ್ತು ಬಂದರೆ ತರಬೇತಿಯದ್ದನ್ನು ಕಳಿಸಬಹುದು, ನೀರು ಬತ್ತಿಸಿ ರಿಪೇರಿ ಮಾಡುವ ಡ್ರೈಡಾಕ್‌ನಲ್ಲಿ ಬಿಚ್ಚಿಹಾಕಿದ್ದನ್ನು ಕಳಿಸಲಾಗದು. ನಮ್ಮ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತೂಕ ಸುಮಾರು 45,000 ಟನ್. ಹಡಗನ್ನು ನೀರಿನಿಂದ ಮೇಲೆತ್ತುವ ಕಾರವಾರ ನೆಲೆಯ ಶಿಪ್‌ಲಿಫ್ಟ್ ಎತ್ತುವುದು 10,000 ಟನ್. ಹಾಗಾಗಿ ಬೀಡು ಕಾರವಾರದಲ್ಲಿದ್ದರೂ ತಳದ ಕೆಲಸಕ್ಕೆ ಅದು ಕೊಚ್ಚಿಗೆ ಹೋಗಿದೆ. ಅದು ಡಾಕ್‌ನಲ್ಲಿರುವಷ್ಟು ಕಾಲ ಭಾರತದ ವಿಮಾನವಾಹಕ ನೌಕೆಗಳ ಸಂಖ್ಯೆ ಎರಡಲ್ಲ, ಒಂದು. ಚೀನಾದ ಮೂರನೆಯದು, ಫುಜಿಯಾನ್, 2025ರ ನವೆಂಬರ್‌ನಲ್ಲಿ ಸೇವೆಗೆ ಸೇರಿತು. ಆದರೆ ಹಡಗು ಸೇವೆಗೆ ಸೇರಿದ ಮಾತ್ರಕ್ಕೆ ಪೈಲಟ್‌ಗಳು ರಾತ್ರಿ ಹೊತ್ತು ಓಲಾಡುವ ಡೆಕ್ ಮೇಲೆ ಇಳಿಯಲು ಕಲಿತಿರುವುದಿಲ್ಲ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ.

ವಿಮಾನಗಳ ಗುಣಕ ಇನ್ನೂ ಕ್ರೂರ. ಸುಖೋಯ್-30 ಯುದ್ಧವಿಮಾನಗಳಲ್ಲಿ ಶೇ. 75ರಷ್ಟು ಹಾರಾಟಕ್ಕೆ ಸಿದ್ಧವಿರಬೇಕಿದ್ದಲ್ಲಿ ಶೇ. 55ರಿಂದ 60 ಮಾತ್ರ ಇದ್ದವೆಂದು ಸರ್ಕಾರದ ಲೆಕ್ಕಪರಿಶೋಧಕ ಸಂಸ್ಥೆ ಸಿಎಜಿ 2015ರಲ್ಲಿ ಹೇಳಿತ್ತು. ಇದು ಬಡದೇಶದ ಕಾಯಿಲೆ ಎಂದುಕೊಳ್ಳಬೇಡಿ, ಅಮೆರಿಕದ ಎಫ್-35 ಕೂಡ 2023ರ ಮಾರ್ಚ್‌ನಲ್ಲಿ ಶೇ. 55ರ ಆಸುಪಾಸಿನಲ್ಲೇ ಇತ್ತು. ಎರಡೂ ಕಡೆ ರೋಗ ಬಿಡಿಭಾಗ ಮತ್ತು ದುರಸ್ತಿಯದ್ದು. 18 ವಿಮಾನಗಳ ಸ್ಕ್ವಾಡ್ರನ್ ಅನ್ನು 0.6ರಿಂದ ಗುಣಿಸಿದರೆ ಬೆಳಿಗ್ಗೆ ಕೈಗೆ ಸಿಗುವುದು ಹನ್ನೊಂದು. ನಮಗೆ ಮಂಜೂರಾದ ಸ್ಕ್ವಾಡ್ರನ್ 42, ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. ಮೊದಲು ಅಲ್ಲಿ ಕಳೆದು, ಆಮೇಲೆ ಗುಣಿಸಬೇಕು.

ಹೊರಟದ್ದು ಎಷ್ಟು ಹೊತ್ತು ಕಾದಾಡಬಲ್ಲದು? ಪಟ್ಟಿಗಳು ಕೈಬಿಡುವುದೇ ಇದನ್ನು. ಚೀನಾದ ಟೈಪ್ 055 ಹಡಗಿನಲ್ಲಿ ಕ್ಷಿಪಣಿಗಳ 112 ಗೂಡುಗಳಿವೆ. ನಮ್ಮ ವಿಶಾಖಪಟ್ಟಣಂ ದರ್ಜೆಯ ಹಡಗಿನಲ್ಲಿ ಎದುರಾಳಿಯ ಕ್ಷಿಪಣಿಯನ್ನು ಹೊಡೆದುರುಳಿಸುವ ಬರಾಕ್-8ಕ್ಕೆ 32, ಬ್ರಹ್ಮೋಸ್‌ಗೆ 16. ಬರುವ ಒಂದು ಕ್ಷಿಪಣಿಗೆ ಎರಡು ಹೊಡೆಯುವುದು ರೂಢಿ ಎಂದಿಟ್ಟುಕೊಂಡರೆ 32 ಬರಾಕ್ ಹದಿನಾರು ಗುರಿಗಳಿಗೆ ಮುಗಿಯಿತು. ಆಮೇಲೆ ಮತ್ತೆ ತುಂಬಿಸಿಕೊಳ್ಳಲು ಬಂದರಿಗೆ ವಾಪಸ್. ಗೂಡಿನ ಬಾಯಿಗೂ ಕ್ಷಿಪಣಿಯ ಡಬ್ಬಿಗೂ ನಡುವೆ ಜಾಗ ಅತಿ ಕಡಿಮೆ, ಅಲೆಗೆ ಹಡಗು ಓಲಾಡಿದರೆ ಕ್ರೇನಿನಲ್ಲಿ ತೂಗುವ ಡಬ್ಬಿ ಒಳಗಿಳಿಯುವುದಿಲ್ಲ. ಅಮೆರಿಕವೇ 2024ರಲ್ಲಿ ನಡುಗಡಲಲ್ಲಿ ಇದನ್ನು ಪ್ರಯೋಗಕ್ಕೆಂದು ಮಾಡಿ ತೋರಿಸಿತಷ್ಟೇ.

ಭೂಸೇನೆಗೆ 40 ದಿನಗಳ ಯುದ್ಧಕ್ಕಾಗುವಷ್ಟು ಮದ್ದುಗುಂಡು ಇರಬೇಕೆಂಬುದು ನಿಯಮವಾಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ 152 ಬಗೆಗಳಲ್ಲಿ 61 ಬಗೆಗಳು ಹತ್ತು ದಿನಕ್ಕೂ ಸಾಲುತ್ತಿರಲಿಲ್ಲ. ಆ ವರ್ಷದ ಫಿರಂಗಿಗಳ ಸಂಖ್ಯೆ ನೋಡಿದವರಿಗೆ ಇದು ಎಲ್ಲಿ ಗೊತ್ತಾಗಬೇಕು?

ದೂರವೂ ಬಲವನ್ನು ತಿನ್ನುತ್ತದೆ. 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ವೇಗದ ಹಡಗು ದಿನಕ್ಕೆ 360 ನಾಟಿಕಲ್ ಮೈಲಿ ಸಾಗುತ್ತದೆ. ಹೈನಾನ್‌ನಿಂದ ಆಫ್ರಿಕಾದ ಜಿಬೂಟಿಗೆ ಸುಮಾರು 5,000 ನಾಟಿಕಲ್ ಮೈಲಿ, ಎಂದರೆ ಹದಿನಾಲ್ಕು ದಿನ, ಅದೂ ಮಲಕ್ಕಾ ಜಲಸಂಧಿಯಂಥ ಇಕ್ಕಟ್ಟು ದಾಟಿಕೊಂಡು. ಚೀನಾ 2017ರಲ್ಲಿ ಜಿಬೂಟಿಯಲ್ಲಿ ನೆಲೆ ತೆರೆದದ್ದು ಸುಮ್ಮನೆ ಅಲ್ಲ. ಅತ್ತ 1971ರ ಡಿಸೆಂಬರ್‌ನಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ನಮ್ಮ ಕ್ಷಿಪಣಿ ದೋಣಿಗಳಿಗೆ ಅಷ್ಟು ದೂರದ ಓಟಕ್ಕೆ ಸಾಕಾಗುವಷ್ಟು ಇಂಧನ ಹಿಡಿಸುತ್ತಿರಲಿಲ್ಲ. ಅವನ್ನು ದಾರಿಯ ಒಂದಷ್ಟು ದೂರ ಕಟ್ಟಿ ಎಳೆದೊಯ್ದರು. ಪಟ್ಟಿಯ ಪ್ರಕಾರ ಕರಾವಳಿ ಕಾಯುವ ದೋಣಿಗಳವು.

ಇಂಧನದ ಮಾತು ಬಂದರೆ ನಮ್ಮ ಜಿಲ್ಲೆಗಳೇ ಲೆಕ್ಕದೊಳಗೆ ಬರುತ್ತವೆ. ದೇಶದ ತುರ್ತು ಕಚ್ಚಾ ತೈಲ ಸಂಗ್ರಹದ ಸಾಮರ್ಥ್ಯ 53.3 ಲಕ್ಷ ಟನ್: ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ, ಮಂಗಳೂರಿನಲ್ಲಿ 15 ಲಕ್ಷ, ಉಳಿದದ್ದು ವಿಶಾಖಪಟ್ಟಣದಲ್ಲಿ. ಬಂಡೆ ಕೊರೆದ ಗುಹೆಗಳಿವು. ಸುತ್ತಲಿನ ನೀರಿನ ಒತ್ತಡವೇ ತೈಲ ಸೋರದಂತೆ ತಡೆಯುವುದರಿಂದ ಅಂತರ್ಜಲದ ಮಟ್ಟ ಕಾಯ್ದುಕೊಳ್ಳುವುದೇ ದೊಡ್ಡ ಕೆಲಸ. ಮೂರೂ ಕಡೆ ತುಂಬಿದ್ದರೂ 2019–20ರ ಬಳಕೆಯ ಲೆಕ್ಕದಲ್ಲಿ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ. ತೈಲ ಕಂಪನಿಗಳ ದಾಸ್ತಾನು ಬೇರೆ.

ಆದರೆ ಪಾದೂರಿನಲ್ಲಿರುವುದು ಕಚ್ಚಾ ತೈಲ, ಸುಖೋಯ್‌ಗೆ ಬೇಕಾದದ್ದು ಶುದ್ಧೀಕರಿಸಿದ ಇಂಧನ. ಮಂಗಳೂರಿನ ರಿಫೈನರಿ ಎಂಆರ್‌ಪಿಎಲ್‌ನ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್, ದಿನಕ್ಕೆ ಸುಮಾರು 41,000. ಮಂಗಳೂರಿನ ಗುಹೆಗಳು ತುಂಬಿದ್ದರೆ ಆ ಒಂದು ರಿಫೈನರಿಗೆ 36 ದಿನದ ಕೆಲಸ. ಅದೋ, ಕಡಲಿನ ಮಗ್ಗುಲಲ್ಲೇ, ಶತ್ರುವಿನ ಕೈಗೆಟಕುವಂತೆ ಇದೆ. ಎರಡು ದೇಶಗಳ ತೈಲ ದಾಸ್ತಾನು ಹೋಲಿಸುವವರು ಅದರ ಪಕ್ಕದಲ್ಲೇ ರಿಫೈನರಿಗಳ ದಿನದ ಸಾಮರ್ಥ್ಯವನ್ನೂ ಅವನ್ನು ಕಾಯುವ ವಾಯುರಕ್ಷಣೆಯನ್ನೂ ಬರೆದುಕೊಳ್ಳಬೇಕು.