ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರ ಒಂದೇ, ಹೊತ್ತು ಬೇರೆ ಬೇರೆ

ಮಕ್ಕಳು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ತಂದೆ ತಾಯಂದಿರು ಮೊದಲ ಬಾರಿ ಅಲ್ಲಿಗೆ ಹೊರಟಾಗ ಕೇಳುವುದು ಎರಡು ಪ್ರಶ್ನೆ: ಎಷ್ಟು ದೂರ, ಎಷ್ಟು ಹೊತ್ತಿನ ದಾರಿ? ದೂರದ ಉತ್ತರ ಸುಲಭ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವೆ ನೇರವಾಗಿ ಅಳೆದರೆ ಸುಮಾರು 14,000 ಕಿಲೋಮೀಟರ್. ಆದರೆ ಈ ಅಂಕಿಯನ್ನು ವಿಮಾನದ ವೇಗದಿಂದ ಭಾಗಿಸಿ ಹೊತ್ತನ್ನು ಹೇಳಿಬಿಡುವ ರೂಢಿ ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಭೂಗೋಳದ ಮಾದರಿಯ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ನೇಪಾಳ, ಟಿಬೆಟ್, ಸೈಬೀರಿಯಾಗಳನ್ನು ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಕಡೆಯಿಂದ ಇಳಿಯುತ್ತದೆ. ವಿಮಾನಗಳು ಈ ದಾರದ ಜಾಡಿನಲ್ಲಿ ಸಾಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನವು ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರದಲ್ಲಿರುವಾಗ ಇಳಿಯುವುದಾದರೂ ಎಲ್ಲಿಗೆ? ಸಾಲದ್ದಕ್ಕೆ, 2022ರಿಂದ ಅಮೆರಿಕದ ವಿಮಾನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ.

ಇವೆಲ್ಲಕ್ಕಿಂತ ದೊಡ್ಡ ಲೆಕ್ಕ ಗಾಳಿಯದು. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರನ್ನು ಆಗಾಗ ಮೀರುತ್ತದೆ. ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದ ವಿಮಾನಕ್ಕೆ ಅದು ಬೆನ್ನ ಹಿಂದಿನಿಂದ ಸಿಕ್ಕರೆ, ಎದುರಿನ ಸೀಟಿನ ಪರದೆಯ ಮೇಲೆ ನೆಲದ ಲೆಕ್ಕದ ವೇಗ 1,100ನ್ನು ದಾಟುವುದನ್ನು ಕಣ್ಣಾರೆ ನೋಡಬಹುದು. ಇದರ ಅತ್ಯುತ್ತಮ ನಿದರ್ಶನ ದೆಹಲಿಯದು. ಏರ್ ಇಂಡಿಯಾ 2016ರ ಅಕ್ಟೋಬರಿನಲ್ಲಿ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಸಾಗರದ ಮೇಲೆ ಹಾರಿಸಿತು. ದಾರಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉದ್ದವಾಗಿ 15,300 ಕಿಲೋಮೀಟರ್ ಆದರೂ, ಗಾಳಿಯ ನೆರವಿನಿಂದ ಪ್ರಯಾಣ ಸುಮಾರು ಎರಡು ಗಂಟೆ ಮೊದಲೇ, ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ಸುತ್ತು ದಾರಿಯೇ ಹತ್ತಿರದ ದಾರಿಯಾಯಿತು ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಗಡಿಯಾರದ ಗೊಂದಲ ಬೇರೆಯೇ ಇದೆ. ಬೆಂಗಳೂರಿಗೆ ಮೊದಲ ತಡೆರಹಿತ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡದೊಂದಿಗೆ, 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಉತ್ತರ ಧ್ರುವದ ಮಾರ್ಗವಾಗಿ 11ರ ನಸುಕಿನಲ್ಲಿ ಇಲ್ಲಿ ಇಳಿಯಿತು. ತಾರೀಖು ನೋಡಿದರೆ ಎರಡು ದಿನ. ಹಾರಿದ್ದು ಸುಮಾರು ಹದಿನೇಳು ಗಂಟೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಹಿಂದೆ.

ಆದ್ದರಿಂದ ಟಿಕೆಟ್ ತೆಗೆಸುವವರು ಹೊರಡುವ ಮತ್ತು ತಲುಪುವ ಸಮಯಗಳೆರಡನ್ನೂ ಭಾರತೀಯ ಕಾಲಮಾನಕ್ಕೆ ತಂದುಕೊಂಡು ಕಳೆಯಬೇಕು. ಹೋಗುವಾಗಿನ ಗಂಟೆಗಳನ್ನೇ ಬರುವಾಗಕ್ಕೂ ಹಿಡಿಯದೆ, ತಾವು ಪ್ರಯಾಣ ಮಾಡುವ ತಿಂಗಳಿನ ವೇಳಾಪಟ್ಟಿಯಲ್ಲಿ ಎರಡೂ ದಿಕ್ಕುಗಳನ್ನು ಬೇರೆಬೇರೆಯಾಗಿ ನೋಡಬೇಕು. ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ, ಡೋಸುಗಳ ನಡುವಿನ ಅಂತರವನ್ನು ವೈದ್ಯರಲ್ಲಿ ವಿಚಾರಿಸುವಾಗಲೂ ಹೇಳಬೇಕಾದದ್ದು ಈ ನಿಜವಾದ ಗಂಟೆಗಳನ್ನೇ.