ಕಳ್ಳನ ತೊಟ್ಟಿ ಇಳಿಯುತ್ತಿಲ್ಲ: ನೆರವಿನ ನೀರಿನ ಯಂತ್ರ, ಹನ್ನೊಂದನೆಯ ವಾರ

ನಿನ್ನೆ ರಾತ್ರಿ ನನ್ನ ನೀರಿನ ಯಂತ್ರದ ಎರಡನೆಯ ಹಲಗೆ, ಅಂದರೆ ತೊಟ್ಟಿ ಪೈಪುಗಳನ್ನು ಜೋಡಿಸಿದ ಎರಡನೆಯ ಫಲಕ, ಮೊದಲ ಬಾರಿಗೆ ಒಂದು ಹನಿಯನ್ನೂ ನೆಲಕ್ಕೆ ಚೆಲ್ಲದೆ ಪೂರ್ತಿ ಹನ್ನೆರಡು ನಿಮಿಷ ಓಡಿತು. ಓಡಿ, ನಾನು ಬಯಸಿದ್ದಕ್ಕೆ ನೇರ ವಿರುದ್ಧವಾದ ಫಲಿತಾಂಶವನ್ನು ಕೊಟ್ಟಿತು. ನೀರು ಚೆಲ್ಲುತ್ತಿದ್ದಷ್ಟು ದಿನ ತಪ್ಪನ್ನು ಟೆಫ್ಲಾನ್ ಟೇಪಿನ ಮೇಲೆ ಹೊರಿಸಬಹುದಾಗಿತ್ತು, ಈಗ ಆ ಸೌಲಭ್ಯವೂ ಇಲ್ಲ.

ನ್ಯೂಜಿಲೆಂಡಿನ ಬಿಲ್ ಫಿಲಿಪ್ಸ್ 1949ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ತೋರಿಸಿದ, ಒಂದು ದೇಶದ ಹಣದ ಹರಿವನ್ನೇ ಬಣ್ಣದ ನೀರಿನಲ್ಲಿ ಹರಿಸಿ ಲೆಕ್ಕ ಹಾಕುವ ಯಂತ್ರದ ಬಗ್ಗೆ ಇಂಥ ಯಂತ್ರಗಳನ್ನು ಮನೆಯಲ್ಲಿ ಕಟ್ಟುವ ಹವ್ಯಾಸದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನನ್ನದು ಅದರ ಬಡ ಸೋದರಸಂಬಂಧಿ. ಆಫ್ರಿಕಾದ ದೇಶಗಳಿಗೆ ಹೋಗುವ ಅಭಿವೃದ್ಧಿ ನೆರವು ಎಲ್ಲಿ ಸೋರುತ್ತದೆ, ಸೋರುತ್ತದೆಂದು ತಿಳಿದ ಮೇಲೆ ಯಾವ ಕವಾಟವನ್ನು ಮುಚ್ಚಬೇಕು ಎಂಬುದನ್ನು ನೀರಿನಲ್ಲಿ ನೋಡುವ ಹಂಬಲ ನನ್ನದು. ಹಲಗೆ, ಪಂಪು, ಆರ್ಡುಯಿನೋ (ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಹಲಗೆ), ರಿಲೇಗಳ (ಅದು ಹೇಳಿದಂತೆ ಕೇಳುವ ವಿದ್ಯುತ್ ಸ್ವಿಚ್ಚುಗಳು) ಜೋಡಣೆಯನ್ನು ಬಿಟ್ಟು ನೇರವಾಗಿ ತೊಂದರೆಗೆ ಬರುತ್ತೇನೆ.

ಮೊದಲ ಹಲಗೆ ಉಗಾಂಡಾದ್ದು. ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ತಲೆಯೆಣಿಕೆಯ ಮೇಲೆ ಸರ್ಕಾರ ಕಳುಹಿಸುತ್ತಿದ್ದ ಅನುದಾನವನ್ನು 1996ರಲ್ಲಿ 250 ಶಾಲೆಗಳ ಸಮೀಕ್ಷೆ ಮಾಡಿ ಹಿಂಬಾಲಿಸಿದಾಗ, 1991ರಿಂದ 1995ರವರೆಗೆ ಸರಾಸರಿ ಶೇ. 13ರಷ್ಟು ಮಾತ್ರ ಶಾಲೆಯನ್ನು ಮುಟ್ಟಿದ್ದು ತಿಳಿಯಿತು. ಉಳಿದದ್ದು ಜಿಲ್ಲಾ ಮಟ್ಟದ ಅಧಿಕಾರಿಗಳ ಮತ್ತು ರಾಜಕಾರಣಿಗಳ ಕೈಯಲ್ಲಿಯೇ ಕರಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಅಂಕಿಯಲ್ಲಿ ಬರೆದರೆ ಹೀಗೆಯೇ ಕಾಣಬೇಕು. ಮೇಲಿನ ತೊಟ್ಟಿಗೆ 10 ಲೀಟರ್ ಸುರಿದರೆ ಕೆಳಗಿನ ಹತ್ತು ಸೀಸೆಗಳಲ್ಲಿ ಒಟ್ಟು 1.3 ಲೀಟರ್ ಸಿಗಬೇಕು. ಪೈಪಿಗೆ ತೂತು ಕೊರೆದರೆ ಮುಗಿಯಿತು ಎಂದುಕೊಂಡು ಕೊರೆದೆ. ಪ್ರತಿ ಸೀಸೆಯಲ್ಲಿಯೂ ಶಿಸ್ತಾಗಿ 130 ಮಿ.ಲೀ. ಬಂದು ನಿಂತಿತು. ಒಟ್ಟು ಮೊತ್ತ ಸರಿಯಾಗಿತ್ತು, ಚಿತ್ರ ಸುಳ್ಳಾಗಿತ್ತು. ಏಕೆಂದರೆ ಉಗಾಂಡಾದಲ್ಲಿ ಬಹುಪಾಲು ಶಾಲೆಗಳಿಗೆ ಏನೂ ಸಿಕ್ಕಿರಲಿಲ್ಲ. ಅನುಕೂಲಸ್ಥ ಪೋಷಕರಿದ್ದ, ಜಿಲ್ಲಾ ಕಚೇರಿಗೆ ಹೋಗಿ ಜಗ್ಗಿ ಕೇಳಬಲ್ಲ ಶಾಲೆಗಳಿಗೆ ಹೆಚ್ಚು ಪಾಲು ಸಿಕ್ಕಿತ್ತು.

ಇದಕ್ಕೆ ಪರಿಹಾರ ಹೇಳಿದವರು ನಮ್ಮ ಬಡಾವಣೆಗೆ ವರ್ಷಗಟ್ಟಲೆ ನೀರು ಬಿಟ್ಟು ನಿವೃತ್ತರಾದ ನೀರುಗಂಟಿಯವರು. ಹಲಗೆಯನ್ನು ಒಂದು ಸುತ್ತು ನೋಡಿ, "ಸ್ವಾಮಿ, ತೂತು ದೊಡ್ಡದಾದರೆ ಎಲ್ಲರ ಮನೆಗೂ ಸಮನಾಗಿ ನೀರು ಕಡಿಮೆಯಾಗೋದಿಲ್ಲ. ತಗ್ಗಿನ ಮನೆಗೆ ಬರ್ತಾನೇ ಇರುತ್ತೆ, ದಿಬ್ಬದ ಮನೆಗೆ ನಿಂತೇ ಹೋಗುತ್ತೆ" ಎಂದರು. ಮರುದಿನವೇ ಜಿಲ್ಲೆಯ ಪಾತ್ರೆಯಿಂದ ಸೀಸೆಗಳಿಗೆ ಹೋಗುವ ಹತ್ತು ಬಾಯಿಗಳನ್ನು ಬೇರೆ ಬೇರೆ ಎತ್ತರದಲ್ಲಿ ಕೊರೆದೆ. ಸೋರುಗಂಡಿ ಅಗಲವಾಗಿದ್ದಾಗ ಪಾತ್ರೆಯ ಮಟ್ಟ ಕೆಳಗಿನ ಎರಡು ಬಾಯಿಗಳನ್ನಷ್ಟೇ ಮುಟ್ಟುತ್ತದೆ, ಎಂಟು ಸೀಸೆಗಳು ಒಣಗಿರುತ್ತವೆ. ಗಂಡಿಯನ್ನು ಕಿರಿದು ಮಾಡುತ್ತ ಬಂದರೆ ಮಟ್ಟ ಏರಿ ಒಂದೊಂದೇ ಬಾಯಿ ತೆರೆದುಕೊಳ್ಳುತ್ತದೆ. ಮುಂದೆ ಸರ್ಕಾರ ಜಿಲ್ಲೆಗೆ ಕಳುಹಿಸಿದ ಹಣದ ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದಾಗ, ಶಾಲೆಯ ಗೋಡೆಯ ಮೇಲೂ ಅದನ್ನು ಅಂಟಿಸಬೇಕೆಂದು ಹೇಳಿದಾಗ, ಪರಿಸ್ಥಿತಿ ಬದಲಾಯಿತು; 2001ರ ಮರುಸಮೀಕ್ಷೆಯಲ್ಲಿ ಶಾಲೆ ಮುಟ್ಟಿದ ಪಾಲು ಶೇ. 80ನ್ನು ದಾಟಿತ್ತು. ಇದನ್ನು ತೋರಿಸಲು ಪಾತ್ರೆಯ ಪಕ್ಕದಲ್ಲಿ ಒಂದು ಗಾಜಿನ ನಳಿಕೆ ನಿಲ್ಲಿಸಿ, ಅದರೊಳಗೆ ತೇಲುಬುರುಡೆ ಇಟ್ಟು, ಬುರುಡೆ ಇಳಿದರೆ ಸೋರುಗಂಡಿಯ ಕವಾಟ ಮುಚ್ಚುವಂತೆ ಮಾಡಿದ್ದೇನೆ. ಎಲ್ಲ ಕೀರ್ತಿಯೂ ಪತ್ರಿಕೆಗಳದ್ದಲ್ಲ, ಆ ವರ್ಷಗಳಲ್ಲಿ ಬೇರೆ ಸುಧಾರಣೆಗಳೂ ನಡೆದಿದ್ದವು ಎಂಬ ಆಕ್ಷೇಪಣೆ ಇದೆ, ಅದು ನ್ಯಾಯವಾದದ್ದೇ; ಆದ್ದರಿಂದ ಕೈಯಿಂದ ತಿರುಗಿಸುವ ಇನ್ನೊಂದು ನಲ್ಲಿಯನ್ನೂ ಇಟ್ಟಿದ್ದೇನೆ. ಮೊದಲ ಹಲಗೆಗೆ ಇಷ್ಟು ಸಾಕು.

ಎರಡನೆಯದು ಮೊಜಾಂಬಿಕ್. ಇಲ್ಲಿ ತೂತು ಎಲ್ಲಿದೆ ಎಂದು ಹುಡುಕುವುದರಲ್ಲಿಯೇ ಆರು ವಾರ ಹೋಯಿತು. ಇದರ ಅಳತೆ ಒಂದು ಲೀಟರಿಗೆ 20 ಕೋಟಿ ಡಾಲರ್, ಒಂದು ನಿಮಿಷಕ್ಕೆ ಒಂದು ವರ್ಷ. 2013 ಮತ್ತು 2014ರಲ್ಲಿ ಪ್ರೊಇಂಡಿಕಸ್, ಎಮಾಟುಮ್, ಎಂ.ಎ.ಎಂ. ಎಂಬ ಮೂರು ಸರ್ಕಾರಿ ಕಂಪನಿಗಳ ಹೆಸರಿನಲ್ಲಿ ಕ್ರೆಡಿಟ್ ಸ್ವೀಸ್ ಮತ್ತು ರಷ್ಯಾದ ವಿ.ಟಿ.ಬಿ. ಬ್ಯಾಂಕುಗಳಿಂದ ಒಟ್ಟು ಸುಮಾರು 200 ಕೋಟಿ ಡಾಲರ್ ಸಾಲ ಎತ್ತಲಾಯಿತು: ಕರಾವಳಿ ಕಾವಲಿಗೆ 62.2 ಕೋಟಿ, ಟ್ಯೂನಾ ಮೀನು ಹಿಡಿಯುವ ದೋಣಿಗಳಿಗೆ 85 ಕೋಟಿ, ಹಡಗು ದುರಸ್ತಿಯ ಅಂಗಳಕ್ಕೆ 53.5 ಕೋಟಿ. ಸಂಸತ್ತಿನ ಒಪ್ಪಿಗೆಯಿಲ್ಲದೆ ಸರ್ಕಾರ ಖಾತರಿ ಬರೆದುಕೊಟ್ಟಿತು. ಟ್ಯೂನಾ ಸಾಲದ ಸುದ್ದಿ ಆಗಲೇ ಹೊರಬಿದ್ದಿತ್ತು, ಉಳಿದ ಎರಡು ಸಾಲಗಳು 2016ರ ಏಪ್ರಿಲ್‌ವರೆಗೆ ಮರೆಯಲ್ಲಿದ್ದವು.

ನನ್ನನ್ನು ಕಾಡಿದ ಸಂಗತಿ ಇದು. ಸಾಲದ ಹಣ ಮೊಜಾಂಬಿಕ್‌ನ ಖಜಾನೆಗೆ ಬರಲೇ ಇಲ್ಲ. ಬ್ಯಾಂಕುಗಳಿಂದ ನೇರವಾಗಿ ಗುತ್ತಿಗೆದಾರನಾದ ಪ್ರಿವಿನ್ವೆಸ್ಟ್ ಕಂಪನಿಗೆ ಹೋಯಿತು. ಅಂದರೆ ಹಲಗೆಯ ಮುಂಭಾಗದಲ್ಲಿ, ನಾನು ಕೆಂಪು ನೀರು (ನೆರವು) ಮತ್ತು ನೀಲಿ ನೀರು (ತೆರಿಗೆ) ಹರಿಸುವ ಕಡೆ, ಯಾವ ಪೈಪಿಗೂ ತೂತಿಲ್ಲ. ಹತ್ತು ಲೀಟರ್ ನೀರು ಹಲಗೆಯ ಹಿಂಬದಿಯಲ್ಲಿ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹೋಗುತ್ತದೆ. ಖಾತರಿ ಸರ್ಕಾರದ್ದಾದ್ದರಿಂದ ಮೂರು ನಿಮಿಷಗಳ ನಂತರ ಮುಂಭಾಗದಲ್ಲಿರುವ ಖಜಾನೆಯ ತಳದಲ್ಲಿ "ಸಾಲ ತೀರುವಳಿ" ಎಂಬ ಗಂಡಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಬಾರದ ನೀರಿಗೆ ಹೊರಹೋಗುವ ದಾರಿ! ಹಿಂಬದಿಯಲ್ಲಿ ಫ್ಲೋ ಸೆನ್ಸರ್ ಇಟ್ಟು, ಹರಿದದ್ದನ್ನು ಎಣಿಸಿ, ತಡಮಾಡಿ ರಿಲೇಗೆ ಹೇಳುವ ವ್ಯವಸ್ಥೆ ಮಾಡಿದೆ.

ಇಲ್ಲಿ ಅಂಗಡಿಯವರ ವಿಷಯ ಹೇಳಲೇಬೇಕು. ಒಂದೂವರೆ ಅಡಿ ಎತ್ತರದ ತೊಟ್ಟಿಯ ಒತ್ತಡಕ್ಕೆ ಮಾಮೂಲಿ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ನಡೆಯುವ ಕವಾಟ) ತೆರೆದುಕೊಳ್ಳುವುದಿಲ್ಲವೆಂದು ನಿಮಗೆ ಗೊತ್ತಿದೆ. ಶೂನ್ಯ ಒತ್ತಡದಲ್ಲೂ ತೆರೆಯುವಂಥದ್ದು, ವಿದ್ಯುತ್ ಇಲ್ಲದಾಗ ಮುಚ್ಚಿರುವಂಥದ್ದು ಬೇಕೆಂದು ಬರೆದೇ ಕೊಟ್ಟಿದ್ದೆ. ಬಂದದ್ದು ವಿದ್ಯುತ್ ಹೋದ ಕೂಡಲೇ ಬಾಯಿ ತೆರೆಯುವ ಜಾತಿ. ನಮ್ಮೂರಿನ ವಿದ್ಯುತ್ತಿನ ಹಣೆಬರಹದಲ್ಲಿ ನನ್ನ ಖಜಾನೆ ದಿನಕ್ಕೆ ಎರಡು ಬಾರಿ ಬರಿದಾಯಿತು. ಬದಲಾಯಿಸಲು ಹೋದರೆ, "ಬಿಲ್ ತಂದಿದ್ದೀರಾ?" ಎಂದರು, ಬಿಲ್ ಹಾಕಿದರೆ ದರ ಬೇರೆ ಎಂದು ಬಿಲ್ಲನ್ನೇ ಕೊಡದಿದ್ದವರು ಅವರೇ. ನಾಲ್ಕು ಮಿ.ಮೀ. ಎಂದು ಹಣ ಪಡೆದು ಕೊಟ್ಟ ಅಕ್ರಿಲಿಕ್ ಹಾಳೆಯನ್ನು ಅಳೆದರೆ ಮೂರು ಮಿ.ಮೀ. ಇತ್ತು. ಮೊಜಾಂಬಿಕ್ ಸಾಲದ ಲೆಕ್ಕ ತಪಾಸಣೆ ಮಾಡಿದ ಕ್ರೋಲ್ ಸಂಸ್ಥೆಯ ವರದಿಯ ಸಾರಾಂಶ 2017ರಲ್ಲಿ ಹೊರಬಂದಾಗ, ಸರಕುಗಳಿಗೆ ಸುಮಾರು 71.3 ಕೋಟಿ ಡಾಲರ್ ಹೆಚ್ಚು ಬೆಲೆ ಹಾಕಿರುವಂತೆ ಕಾಣುತ್ತದೆ, 50 ಕೋಟಿ ಡಾಲರಿನ ವೆಚ್ಚಕ್ಕೆ ವಿವರಣೆಯೇ ಇಲ್ಲ ಎಂದು ಅದರಲ್ಲಿತ್ತು. ನನ್ನ ಅಳತೆಯಲ್ಲಿ ಮೂರೂವರೆ ಲೀಟರ್ ಮತ್ತು ಎರಡೂವರೆ ಲೀಟರ್. ಅಕ್ರಿಲಿಕ್ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನು ಓದಿದಾಗ ನನಗೆ ಅಂಕಿಗಳ ತೂಕ ಸ್ವಲ್ಪ ಬೇರೆಯಾಗಿ ತಟ್ಟಿತು.

ಇನ್ನು ಹಠಮಾರಿ ತೊಂದರೆ. ರಹಸ್ಯ ಹೊರಬಿದ್ದ ಕೂಡಲೇ ಅಂತರರಾಷ್ಟ್ರೀಯ ಹಣಕಾಸು ನಿಧಿ ಹಣ ಬಿಡುಗಡೆಯನ್ನು ನಿಲ್ಲಿಸಿತು. ಮೊಜಾಂಬಿಕ್‌ನ ಬಜೆಟ್ಟಿಗೆ ನೇರ ನೆರವು ಕೊಡುತ್ತಿದ್ದ 14 ದಾನಿಗಳ ಗುಂಪು ಕೂಡ ನಲ್ಲಿ ಮುಚ್ಚಿತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಯಂತ್ರದಲ್ಲಿ ಮೂರನೆಯ ನಿಮಿಷಕ್ಕೆ ಕೆಂಪು ಕವಾಟ ಮುಚ್ಚುತ್ತದೆ. ಖಜಾನೆಯ ಮಟ್ಟ ಇಳಿಯುತ್ತದೆ; ಎತ್ತರದಲ್ಲಿ ಬಾಯಿಯಿರುವ ಹಳ್ಳಿಯ ಔಷಧಾಲಯದ ಸೀಸೆ ಮೊದಲು ಒಣಗುತ್ತದೆ, ಆಮೇಲೆ ಶಾಲೆಯದು. ಸಾಲದ ಗಂಡಿ ಮಾತ್ರ ತೆರೆದೇ ಇರುತ್ತದೆ. ಹಿಂಬದಿಯಲ್ಲಿರುವ ಗುತ್ತಿಗೆದಾರನ ತೊಟ್ಟಿ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬುದನ್ನು ಇಷ್ಟು ನಿಖರವಾಗಿ ಮಾಡಿ ತೋರಿಸುವ ಯಂತ್ರವನ್ನು ಕಟ್ಟುವ ಉದ್ದೇಶ ನನಗಿರಲಿಲ್ಲ. ಕವಾಟವನ್ನು ಬೇಗ ಮುಚ್ಚಿ ನೋಡಿದೆ, ನಿಧಾನವಾಗಿ ಮುಚ್ಚಿ ನೋಡಿದೆ, ಅರ್ಧ ಮುಚ್ಚಿ ನೋಡಿದೆ; ಹನ್ನೊಂದು ರಾತ್ರಿ ಪ್ರೋಗ್ರಾಮಿನಲ್ಲಿ ದೋಷ ಹುಡುಕಿದೆ. ದೋಷವಿರಲಿಲ್ಲ. ದಾನಿಯ ಕವಾಟಕ್ಕೂ ಕಳ್ಳನ ತೊಟ್ಟಿಗೂ ನಡುವೆ ಪೈಪೇ ಇಲ್ಲದಿರುವಾಗ ಒಂದನ್ನು ತಿರುಗಿಸಿದರೆ ಇನ್ನೊಂದು ಇಳಿಯುವುದಾದರೂ ಹೇಗೆ?

ಹಾಗಾದರೆ ಖಜಾನೆಯನ್ನು ತಪ್ಪಿಸಿ ಕೆಂಪು ನೀರನ್ನು ನೇರವಾಗಿ ಸೀಸೆಗಳಿಗೆ ಬಿಡೋಣ ಎಂದುಕೊಂಡೆ. ಸರ್ಕಾರವನ್ನು ನಂಬದ ದಾನಿಗಳು ಆಫ್ರಿಕಾದ ಅನೇಕ ದೇಶಗಳಲ್ಲಿ ಮಾಡುವುದು ಇದನ್ನೇ: ತಮ್ಮದೇ ಯೋಜನೆ, ತಮ್ಮದೇ ಕಚೇರಿ, ತಮ್ಮದೇ ಲೆಕ್ಕಪತ್ರ. ಹದಿನಾಲ್ಕು ಮೀಟರ್ ಸಿಲಿಕೋನ್ ಪೈಪು ಖರ್ಚಾಯಿತು. ಪ್ರತಿ ಸೀಸೆಗೂ ಬೇರೆ ಪೈಪು, ಬೇರೆ ಕ್ಲಿಪ್ಪು, ಬೇರೆ ಮೀಟರು. ಹಲಗೆ ಇಡ್ಲಿ ಪಾತ್ರೆಗೆ ಬಿದ್ದ ಶ್ಯಾವಿಗೆಯಂತೆ ಕಂಡಿತು. ಔಷಧದ ಸೀಸೆ ತುಂಬಿದ್ದು ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ದಾದಿಯರ ಸಂಬಳ, ಮೇಷ್ಟರ ಸಂಬಳ ಹೋಗುವುದು ಖಜಾನೆಯ ಮೂಲಕವೇ. ಅಲ್ಲಿ ಮಟ್ಟ ಏರದೆ ಆ ಪೈಪುಗಳು ಒಣಗಿಯೇ ಉಳಿದವು. ಔಷಧವಿದೆ, ಕೊಡುವವರಿಲ್ಲ. ಅಷ್ಟೇ ಅಲ್ಲ, ಮೊದಲ ಹಲಗೆಯಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಗಾಜಿನ ನಳಿಕೆಯನ್ನು ಇಲ್ಲಿ ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ಹತ್ತು ಪೈಪುಗಳಿಗೆ ಹತ್ತು ನಳಿಕೆ ನಿಲ್ಲಿಸಿದರೆ ಯಾವುದನ್ನು ಯಾರು ನೋಡುತ್ತಾರೆ? ಎರಡು ದಿನ ಇಟ್ಟು, ಆರು ಪೈಪುಗಳನ್ನು ಬಿಚ್ಚಿ, ಔಷಧಾಲಯ ಮತ್ತು ಶಾಲೆಗೆ ಹೋಗುವ ನಾಲ್ಕನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಆರನೆಯ ನಿಮಿಷಕ್ಕೆ, ಅಂದರೆ 2019ರ ಮಾರ್ಚ್‌ನಲ್ಲಿ, ಬೇಯ್ರಾ ನಗರದ ಮೇಲೆ ಇಡಾಯ್ ಚಂಡಮಾರುತ ಬೀಸುತ್ತದೆ. ಮೊಜಾಂಬಿಕ್‌ನಲ್ಲಿಯೇ 600ಕ್ಕೂ ಹೆಚ್ಚು ಜನ ಸತ್ತರು. ನೆರವು ನಿಲ್ಲಿಸಿದ್ದ ಹಣಕಾಸು ನಿಧಿಯೇ ಮರುತಿಂಗಳು 11.8 ಕೋಟಿ ಡಾಲರಿನ ತುರ್ತು ಸಾಲ ಕೊಟ್ಟಿತು. ನನ್ನ ಅಳತೆಯಲ್ಲಿ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಹಿಂಬದಿಯಲ್ಲಿ ಹತ್ತು ಲೀಟರ್ ತುಂಬಿ ನಿಂತಿರುವಾಗ ಮುಂಭಾಗದಲ್ಲಿ ಈ ಅರ್ಧ ಲೀಟರನ್ನು ಸಾಲವಾಗಿ ಸುರಿಯುವುದು ನನಗೆ ಪ್ರತಿ ಬಾರಿಯೂ ಕಷ್ಟವಾಗುತ್ತದೆ, ಆದರೂ ಸುರಿಯದಿದ್ದರೆ ಸೀಸೆಗಳು ಪೂರ್ತಿ ಖಾಲಿ. ಲಂಚಕೋರರಿದ್ದಾರೆಂದು ನೆರವನ್ನೇ ನಿಲ್ಲಿಸಬೇಕು ಎನ್ನುವ ಗೆಳೆಯರಿಗೆ ಈ ನಿಮಿಷದಲ್ಲಿ ಜಗ್ಗನ್ನು ಕೈಗೆ ಕೊಡುತ್ತೇನೆ. ಇದುವರೆಗೆ ಯಾರೂ ಸುರಿಯದೆ ಹೋಗಿಲ್ಲ.

ಕಳ್ಳನ ತೊಟ್ಟಿಗೆ ನಿಜವಾಗಿ ಕೈ ಹಾಕುವ ಪೈಪು ನ್ಯಾಯಾಲಯಗಳ ಮೂಲಕ ಬರುತ್ತದೆ, ಅದು ಅತ್ಯಂತ ಸಣ್ಣ ಮತ್ತು ಅತ್ಯಂತ ಉದ್ದದ ಪೈಪು. ಸಾಲ ಎತ್ತಿದಾಗ ಮೊಜಾಂಬಿಕ್‌ನ ಹಣಕಾಸು ಸಚಿವರಾಗಿದ್ದ ಮಾನುಯೆಲ್ ಚಾಂಗ್ 2018ರ ಡಿಸೆಂಬರಿನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಬಂಧನಕ್ಕೊಳಗಾಗಿ, 2024ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಕ್ರೆಡಿಟ್ ಸ್ವೀಸ್ 2021ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಅಧಿಕಾರಿಗಳಿಗೆ ಸುಮಾರು 47.5 ಕೋಟಿ ಡಾಲರ್ ಕಟ್ಟಲು ಒಪ್ಪಿ, ಮೊಜಾಂಬಿಕ್‌ಗೆ 20 ಕೋಟಿ ಡಾಲರ್ ಸಾಲ ಮನ್ನಾ ಮಾಡಲು ಒಪ್ಪಿತು. ಅಂದರೆ ಎರಡು ಲೀಟರಿಗಿಂತ ಹೆಚ್ಚು ನೀರು ನನ್ನ ಹಲಗೆಯಿಂದಾಚೆ, ವಾಷಿಂಗ್ಟನ್ ಮತ್ತು ಲಂಡನ್ ಎಂದು ಬರೆದ ಬಕೆಟ್ಟಿಗೆ ಬೀಳುತ್ತದೆ. ಒಂದು ಲೀಟರಿನಷ್ಟು ಸಾಲದ ಗಂಡಿ ಮುಚ್ಚುತ್ತದೆ. ಆ ಬಕೆಟ್ ನಮ್ಮ ಬಚ್ಚಲಿನದು, ಅದನ್ನು ವಾಪಸ್ ಕೊಡಬೇಕೆಂದು ಮನೆಯಲ್ಲಿ ಎರಡು ಬಾರಿ ನೋಟೀಸು ಬಂದಿದೆ. ಮೊಜಾಂಬಿಕ್‌ನ ರಾಜಧಾನಿ ಮಾಪುಟೋದಲ್ಲಿ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಸಿ.ಐ.ಪಿ. ಮತ್ತು ನಾರ್ವೆಯ ಮಿಕೆಲ್ಸೆನ್ ಸಂಶೋಧನಾ ಸಂಸ್ಥೆಗಳು ಸೇರಿ 2021ರಲ್ಲಿ ಲೆಕ್ಕ ಹಾಕಿದಂತೆ ಈ ಹಗರಣದಿಂದ 2019ರವರೆಗೆ ದೇಶಕ್ಕಾದ ನಷ್ಟ 1,100 ಕೋಟಿ ಡಾಲರ್. ಅದು ನನ್ನ ಅಳತೆಯಲ್ಲಿ 55 ಲೀಟರ್, ಕುಡಿಯುವ ನೀರಿನ ದೊಡ್ಡ ಕ್ಯಾನು ಎರಡೂಮುಕ್ಕಾಲು. ಅದನ್ನು ತೋರಿಸಲು ಹಲಗೆಯ ಮೇಲೆ ಜಾಗವಿಲ್ಲ. ಕ್ಯಾನುಗಳನ್ನು ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಇಟ್ಟಿದ್ದೇನೆ.

ಇಷ್ಟರ ನಡುವೆ ಮೂರನೆಯ ಹಲಗೆಯ ನಕ್ಷೆ ಈಗಾಗಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂಡಿದೆ. ನೈಜೀರಿಯಾದ ಸರ್ವಾಧಿಕಾರಿ ಸಾನಿ ಅಬಾಚಾ 1998ರಲ್ಲಿ ಸತ್ತ ಎಷ್ಟೋ ವರ್ಷಗಳ ನಂತರ, ಆತ ದೋಚಿದ ಹಣದಲ್ಲಿ ಸುಮಾರು 32 ಕೋಟಿ ಡಾಲರನ್ನು ಸ್ವಿಟ್ಜರ್ಲೆಂಡ್ 2017ರ ಒಪ್ಪಂದದ ಮೇರೆಗೆ ಹಿಂದಿರುಗಿಸಿತು. ವಿಶ್ವಬ್ಯಾಂಕಿನ ಕಣ್ಗಾವಲಿನಲ್ಲಿ ಅದನ್ನು ಬಡ ಕುಟುಂಬಗಳಿಗೆ ತಿಂಗಳಿಗೆ 5,000 ನೈರಾದಂತೆ ಹಂಚುವ ಏರ್ಪಾಡಾಯಿತು. ಇಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರಬೇಕು, ಆಮೇಲೆ ಸಾವಿರಾರು ಹನಿಗಳಾಗಿ ಇಳಿಯಬೇಕು. ತೋಟದ ಹನಿ ನೀರಾವರಿಯ ಡ್ರಿಪ್ಪರುಗಳು ಸಾಕಾಗಬಹುದೆಂದು ಊಹೆ. ಯಾರಾದರೂ ಇಷ್ಟು ಕಡಿಮೆ ಒತ್ತಡದಲ್ಲಿ ಅವನ್ನು ಬಳಸಿ ನೋಡಿದ್ದರೆ ತಿಳಿಸಿ.

ಸದ್ಯಕ್ಕೆ ಎರಡನೆಯ ಹಲಗೆಯಲ್ಲಿ ಒಂದೇ ಬದಲಾವಣೆ ಮಾಡಲಿದ್ದೇನೆ: ಗಾಜಿನ ನಳಿಕೆಯನ್ನು ಖಜಾನೆಯ ಪಕ್ಕದಿಂದ ಕಿತ್ತು, ಹಲಗೆಗೆ ಆರಂಗುಲದ ಕಿಂಡಿ ಕೊರೆದು, ಹಿಂಬದಿಯ ಸಾಲದ ಪೈಪಿಗೆ ಜೋಡಿಸುವುದು. 2013ರಲ್ಲಿಯೇ, ಮೊದಲ ನಿಮಿಷದಲ್ಲಿಯೇ, ಮುಂದೆ ನಿಂತವರಿಗೆ ಆ ನೀರು ಕಂಡಿದ್ದರೆ ಕವಾಟಗಳು ಯಾವ ಕ್ರಮದಲ್ಲಿ ಮುಚ್ಚುತ್ತಿದ್ದವು ಎಂದು ನೋಡಬೇಕಾಗಿದೆ. ಕಿಂಡಿ ಕೊರೆಯುವ ಹೋಲ್ ಸಾ ಬ್ಲೇಡು ಬುಧವಾರ ಬರುತ್ತದೆಯಂತೆ. ಯಾವ ಬುಧವಾರ ಎಂದು ಅಂಗಡಿಯವರು ಹೇಳಿಲ್ಲ. ಏಳನೆಯ ಸೀಸೆ ಮಾತ್ರ ಎಷ್ಟು ಸುರಿದರೂ ಅರ್ಧದಲ್ಲೇ ನಿಲ್ಲುತ್ತಿದೆ, ಅದರಲ್ಲಿ ಯಾವ ಸರ್ಕಾರದ ಕೈವಾಡವೂ ಇಲ್ಲ, ವಾಷರನ್ನು ನಾನೇ ತಿರುಗುಮುರುಗಾಗಿ ಹಾಕಿದ್ದೇನೆ.