ತಪ್ಪು ಬ್ಯಾಟರಿಯದ್ದಲ್ಲ, ನನ್ನದು

ಹುಬ್ಬಳ್ಳಿ ಗೋಕುಲ ರೋಡ್ ಹತ್ತಿರ ನನ್ನ ಗ್ಯಾರೇಜ್ ಇದೆ. ಹನ್ನೆರಡು ವರ್ಷ ಪೆಟ್ರೋಲ್ ಗಾಡಿ ಬಿಚ್ಚಿದ ಕೈ ಇದು, ಎಲೆಕ್ಟ್ರಿಕ್ ಸ್ಕೂಟರ್ ಮುಟ್ಟಲು ಶುರುಮಾಡಿ ಮೂರು ವರ್ಷ ಆಯ್ತು.

ಹೋದ ಮಳೆಗಾಲದಲ್ಲಿ ಖಡಕ್ ರೊಟ್ಟಿ ಮಾರುವ ಕಾಕಾ ಒಬ್ಬರು ಬಂದರು. ದಿನಾ ರೊಟ್ಟಿ ಹೇರಿಕೊಂಡು ಧಾರವಾಡಕ್ಕೆ ಹೋಗಿ ಬರುವವರು. "ಮೊದ್ಲ 85 ಕಿಲೋಮೀಟರ್ ಓಡತಿತ್ತು, ಈಗ 60ಕ್ಕ ಮಲಗತೈತಿ. ಬ್ಯಾಟರಿ ಹೋತೇನಪಾ ತಮ್ಮಾ?"

ಹೋಗಿದೆ ಅಂದುಬಿಟ್ಟೆ. ಗಾಡಿ ಮುಟ್ಟಿಯೂ ನೋಡಿರಲಿಲ್ಲ.

ಬ್ಯಾಟರಿ ಇಳಿಸಿ ಚೆಕ್ ಮಾಡಿಸಲು ಹೊರಗೆ ಕಳಿಸಿದೆ. ನಾಲ್ಕು ದಿನ ಗಾಡಿ ನಿಂತಿತು, ಕಾಕಾ ಬಸ್ಸಿನಲ್ಲಿ ರೊಟ್ಟಿ ಹೊತ್ತರು. ಸೆಲ್‌ಗಳೆಲ್ಲ ಸರಿ ಇವೆ ಅಂತ ವಾಪಸ್ ಬಂತು. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ನಮ್ಮ ಹುಡುಗ ಗಾಡಿಯ ಮುಂದಿನ ಗಾಲಿ ಎತ್ತಿ ಸುಮ್ನೆ ತಿರುಗಿಸಿದ. ಅರ್ಧ ಸುತ್ತಿಗೇ ನಿಂತಿತು! ಡ್ರಮ್ ಒಳಗೆ ಕೆಸರು ಸೇರಿ ಬ್ರೇಕ್ ಹಿಡಿದುಕೊಂಡಿತ್ತು, ಟೈರಿನಲ್ಲಿ ಗಾಳಿಯೂ ಅರ್ಧಕ್ಕರ್ಧ. ಪೆಟ್ರೋಲ್ ಗಾಡಿ ಮೈಲೇಜ್ ಕೊಡದಿದ್ದರೆ ಮೊದಲು ಇದನ್ನೇ ನೋಡುತ್ತಿದ್ದೆ, ಎಲೆಕ್ಟ್ರಿಕ್ ಅಂದ ಕೂಡಲೇ ಮರೆತೆ.

ಬ್ಯಾಟರಿ ಬದಲಾಯಿಸಿಬಿಟ್ಟಿದ್ದರೆ ಅಂತ ಯೋಚಿಸಿದರೆ ಈಗಲೂ ಕಸಿವಿಸಿ. ಕಾಕಾನ ದುಡ್ಡು ಒಂದು ಕಡೆ. ಬ್ಯಾಟರಿ ತಯಾರಾಗುವಾಗಲೇ ಸಾಕಷ್ಟು ಇಂಗಾಲ ಗಾಳಿಗೆ ಸೇರಿರುತ್ತದೆ, ಅದು ಸಾಕಷ್ಟು ದೂರ ಓಡಿದರೆ ಮಾತ್ರ ಆ ಸಾಲ ತೀರುವುದು.

ಗಾಡಿ ಒಯ್ಯಲು ಬಂದಾಗ ಕಾಕಾ ಇನ್ನೊಂದು ಕೇಳಿದರು. "ಹೊಗಿ ಇಲ್ಲಿ ಬರೂದಿಲ್ಲ ಖರೆ, ರಾಯಚೂರಾಗ ಕರೆಂಟ್ ಮಾಡಾಕ ಕಲ್ಲಿದ್ದಲು ಸುಡತಾರಲ್ಲ?" ಈ ಸಲ ಬಾಯಿಗೆ ಬಂದಿದ್ದು ಹೇಳಲಿಲ್ಲ. ಚಾರ್ಜರ್‌ಗೆ ಮೀಟರ್ ಹಾಕಿ ಒಂದು ರಾತ್ರಿ ಬಿಟ್ಟೆ. ಫುಲ್ ಚಾರ್ಜ್‌ಗೆ 3.4 ಯೂನಿಟ್. ದೇಶದ ಸರಾಸರಿ ಹಿಡಿದರೆ ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್, ಅಂದರೆ 85 ಕಿಲೋಮೀಟರ್‌ಗೆ ಎರಡೂವರೆ ಕೆಜಿ ಒಳಗೇ. ಲೀಟರ್‌ಗೆ 45 ಕೊಡುವ ಪೆಟ್ರೋಲ್ ಸ್ಕೂಟರ್ ಅಷ್ಟೇ ದೂರಕ್ಕೆ ಸುಮಾರು 1.9 ಲೀಟರ್ ಕುಡಿಯುತ್ತದೆ, ಲೀಟರ್‌ಗೆ 2.3 ಕೆಜಿಯಂತೆ ನಾಲ್ಕು ಕೆಜಿ ದಾಟುತ್ತದೆ. ಕಲ್ಲಿದ್ದಲು ಸೇರಿಸಿದರೂ ಉಳಿತಾಯ ಇದೆ, ಆದರೆ ಬ್ರೇಕ್ ಹಿಡಿದ ಗಾಡಿಯಲ್ಲಿ ಅದರ ದೊಡ್ಡ ಪಾಲು ಗಾಲಿಯಲ್ಲೇ ಕರಗುತ್ತಿತ್ತು.

"ಹಂಗಾರ ನಮ್ಮ ಗದಗಿನ ಗಾಳಿ ಫ್ಯಾನಿನ ಕರೆಂಟ್ ಜಾಸ್ತಿ ಆದ್ರ ಇನ್ನೂ ಚಲೋ ಅಲ್ಲೇನು?" ಅಂದರು. ಹೌದು ಕಾಕಾ ಅಂದೆ. ಬಿಲ್ಲಿನಲ್ಲಿ ಬ್ರೇಕ್ ಕೆಲಸದ ದುಡ್ಡು ಮಾತ್ರ ಬರೆದೆ, ಬ್ಯಾಟರಿ ಚೆಕ್ ಮಾಡಿಸಿದ್ದು ನನ್ನ ಲೆಕ್ಕಕ್ಕೆ.